ಒಂದಕ್ಷರವನ್ನೂ ಬಿಡದ ದನಿ

“ಹೀಗೆ ಆ ಕಾಲದಲ್ಲಿ ರಾಜ್ಯದ ಬೊಕ್ಕಸ ತುಂಬಿ ತುಳುಕುತ್ತಿತ್ತು,” ಎಂದು ಗಂಗಾಲಕ್ಷ್ಮಿ ಗಟ್ಟಿಯಾಗಿ ಓದಿ, ಬಾಗಿಲ ಕಡೆ ಕತ್ತು ಚಾಚಿದಳು.

ಬೀದಿಯಲ್ಲಿ ಲಗೋರಿಯ ಕಲ್ಲುಗಳು ಧಬಧಬನೆ ಉರುಳಿದ ಸದ್ದು ಕೇಳಿಸಿತು. ಹಿಂದೆಯೇ ಹುಡುಗಿಯರ ಕಿರುಚಾಟ.

“ಲೇ ಗಂಗೀ, ಬರ್ತೀಯೋ ಇಲ್ವೋ? ನಿನ್ ಜಾಗಕ್ಕೆ ಬೇರೇವ್ರನ್ನ ಸೇರಿಸ್ಕೋತೀವಿ ನೋಡು!”

ಗಂಗಾ ಅಣ್ಣನ ಮುಖ ನೋಡಿದಳು. ಅಣ್ಣ ಕದಿರೇಶ ಗೋಡೆಗೆ ಒರಗಿ ಕುಳಿತಿದ್ದ. ತೊಡೆಯ ಮೇಲೆ ಹಲಗೆ, ಹಲಗೆಯ ಮೇಲೆ ದಪ್ಪನೆಯ ಹಾಳೆ. ಅದರ ಮೇಲೆ ಸಣ್ಣ ಮೊಳೆಯಂಥ ಕಡ್ಡಿಯಿಂದ ಟಕ್ ಟಕ್ ಎಂದು ಚುಕ್ಕಿ ಚುಚ್ಚುತ್ತಿದ್ದ. ಅದು ಬ್ರೈಲ್. ಬೆರಳಲ್ಲಿ ಮುಟ್ಟಿ ಓದುವ ಅಕ್ಷರ.

“ಆಮೇಲೆ?” ಎಂದ ಕದಿರೇಶ.

ಮುಂದೆ ಕೆರೆಗಳ ಬಗ್ಗೆ ಎರಡು ಉದ್ದನೆಯ ಪ್ಯಾರಾ ಇದ್ದವು. ಅದರಾಚೆಯ ಪುಟದಲ್ಲೂ ಅದೇ. ಗಂಗಾ ಎರಡು ಹಾಳೆಗಳನ್ನು ಒಟ್ಟಿಗೆ ತಿರುವಿದಳು.

“ಆಮೇಲೆ... ಅಭ್ಯಾಸ. ಈ ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಿ. ಪಾಠ ಮುಗೀತು ಅಣ್ಣ!”

ಕದಿರೇಶನ ಕೈ ಒಂದು ಕ್ಷಣ ನಿಂತಿತು. ಆಮೇಲೆ ಅವನು ತಲೆಯಾಡಿಸಿದ. “ಸರಿ ಕಣೇ. ಹೋಗು, ಆಡ್ಕೋ ಹೋಗು.”

ಗಂಗಾ ಪುಸ್ತಕ ಮುಚ್ಚುವಷ್ಟರಲ್ಲಿ ಹೊಸ್ತಿಲು ದಾಟಿಯಾಗಿತ್ತು.

ಕದಿರೇಶನಿಗೆ ಹುಟ್ಟಿದಾಗ ಕಣ್ಣು ಚೆನ್ನಾಗಿಯೇ ಇದ್ದವು. ಒಂಬತ್ತನೇ ವಯಸ್ಸಿನಲ್ಲಿ ಬಂದ ಕಾಯಿಲೆಯಿಂದ ಎರಡೂ ಹೋದವು. ಹತ್ತನೇ ಕ್ಲಾಸಿನವರೆಗೆ ಅವನು ಬೆಂಗಳೂರಿನಲ್ಲಿ ಹಾಸ್ಟೆಲ್ ಇರುವ ಶಾಲೆಯಲ್ಲಿ ಓದಿದ. ಅಲ್ಲಿ ಎಲ್ಲ ಪುಸ್ತಕಗಳೂ ಬ್ರೈಲಿನಲ್ಲಿದ್ದವು. ಪಿಯುಸಿಗೆ ತಾಯಲೂರಿನ ಮನೆಗೆ ವಾಪಸ್ಸು ಬಂದು ಮುಳಬಾಗಿಲಿನ ಕಾಲೇಜು ಸೇರಿದ ಮೇಲೆ ಕಷ್ಟ ಶುರುವಾಯಿತು. ಪಿಯುಸಿ ಪುಸ್ತಕಗಳು ಬ್ರೈಲಿನಲ್ಲಿ ಎಲ್ಲೂ ಸಿಗಲಿಲ್ಲ.

ಅಮ್ಮ ಮುನಿಗಂಗಮ್ಮನಿಗೆ ಓದಲು ಬರುತ್ತಿರಲಿಲ್ಲ. ಅಪ್ಪ ಸುಬ್ಬರಾಯಪ್ಪ ಟೊಮೆಟೊ ತೋಟದಿಂದ ಬರುವಾಗ ಕತ್ತಲಾಗಿರುತ್ತಿತ್ತು. ಹಾಗಾಗಿ ದಿನಾ ಸಂಜೆ ಐದರಿಂದ ಆರರವರೆಗೆ ಅಣ್ಣನಿಗೆ ಪಾಠ ಓದಿ ಹೇಳುವ ಕೆಲಸ ಗಂಗಾಳ ಪಾಲಿಗೆ ಬಂತು. ಆಗ ಅವಳು ಐದನೇ ಕ್ಲಾಸು. ಈಗ ಅವಳು ಆರನೇ ಕ್ಲಾಸು, ಅಣ್ಣ ಸೆಕೆಂಡ್ ಪಿಯುಸಿ.

ಬಿಟ್ಟು ಓದಿದ್ದು ಅದೇ ಮೊದಲಲ್ಲ. ಒಂದು ದಿನ ಒಂದು ಪ್ಯಾರಾ, ಇನ್ನೊಂದು ದಿನ ಅರ್ಧ ಪುಟ. ಅಣ್ಣನಿಗೆ ಗೊತ್ತಾಗುವುದಾದರೂ ಹೇಗೆ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ದಸರಾ ರಜೆಗೆ ಮುಂಚೆ ಕಾಲೇಜಿನಲ್ಲಿ ಪರೀಕ್ಷೆ ನಡೆಯಿತು. ಹಿಸ್ಟರಿಯಲ್ಲಿ ಕದಿರೇಶನಿಗೆ ನೂರಕ್ಕೆ ನಲವತ್ತೊಂದು ಬಂತು.

“ಬಿತ್ತುವಟ್ಟ ಎಂದರೇನು, ವಿವರಿಸಿ ಅಂತ ಹತ್ತು ಮಾರ್ಕ್ಸಿಗೆ ಕೇಳಿದ್ರು,” ಎಂದ ಅವನು, ಊಟಕ್ಕೆ ಕುಳಿತಾಗ. “ನಂಗೆ ಆ ಪದಾನೇ ಹೊಸದು. ಪುಸ್ತಕದಲ್ಲಿ ಇತ್ತೇನೇ ಗಂಗೀ?”

ಗಂಗಾ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅದ್ದಿ ನೋಡಿದಳು.

“ಇರ್ಲಿಲ್ಲ ಅಣ್ಣ,” ಎಂದಳು.

“ಹಂಗಾದ್ರೆ ಬಿಡು,” ಎಂದ ಕದಿರೇಶ.

ಮಾರನೆಯ ದಿನ ಗಂಗಾ ಒಂದಕ್ಷರವನ್ನೂ ಬಿಡದೆ ಓದಿದಳು. ಅದರ ಮಾರನೆಯ ದಿನವೂ ಓದಿದಳು. ನಾಲ್ಕನೆಯ ದಿನ ಮತ್ತೆ ಬೀದಿಯಲ್ಲಿ ಲಗೋರಿ ಶುರುವಾಯಿತು.

ಡಿಸೆಂಬರಿನಲ್ಲಿ ಒಂದು ಸಂಜೆ ಕದಿರೇಶ ಕಾಲೇಜಿನಿಂದ ಬಂದವನೇ, ಕೋಲನ್ನು ಮೂಲೆಗೆ ಇಡುವುದನ್ನೂ ಮರೆತು, ನಡುಮನೆಯಲ್ಲಿ ನಿಂತು ಹೇಳಿದ:

“ಅಮ್ಮಾ, ಭಾನುವಾರ ನಾನು ಮುಳಬಾಗಿಲಿಗೆ ಹೋಗ್ಬೇಕು. ಗಂಗಿನೂ ಬರ್ಲಿ. ಬಸ್ ಸ್ಟ್ಯಾಂಡ್ ಪಕ್ಕ ವಂಶಿ ಸರ್ ಇದಾರಲ್ಲ, ಕಂಪ್ಯೂಟರ್ ಸೆಂಟರ್ ಇಟ್ಟಿರೋರು? ಅವರು ಬೆಂಗಳೂರಿಂದ ಒಂದು ಸಿ.ಡಿ. ತಂದಿದಾರಂತೆ. ಅದನ್ನ ಹಾಕಿದ್ರೆ ಕಂಪ್ಯೂಟರೇ ಪುಸ್ತಕ ಓದುತ್ತಂತೆ. ಕನ್ನಡಾನೂ ಓದುತ್ತಂತೆ!”

“ಅಯ್ಯೋ ನಾಯನಾ, ಮಿಷನ್ನು ಎಲ್ಲಾದ್ರೂ ಓದುತ್ತಾ?” ಎಂದಳು ಅಮ್ಮ.

ಗಂಗಾಳ ತಲೆಯಲ್ಲಿ ಮಾತ್ರ ಒಂದೇ ಯೋಚನೆ ಓಡಿತು. ಕಂಪ್ಯೂಟರೇ ಓದಿದರೆ ತಾನು ಓದಬೇಕಾಗಿಲ್ಲ! ಐದು ಗಂಟೆಗೇ ಬೀದಿಗೆ ಹೋಗಬಹುದು!

“ನಾನು ಬರ್ತೀನಿ ಅಣ್ಣ! ಫಸ್ಟ್ ಬಸ್ಸಿಗೇ ಹೋಗೋಣ,” ಎಂದು ಕುಣಿದಳು.

ಭಾನುವಾರ ಇಬ್ಬರೂ ಬಸ್ಸಿನಲ್ಲಿ ಹೊರಟರು. ದಾರಿಯುದ್ದಕ್ಕೂ ಕಂಡಕ್ಟರ್ ಒಂದೊಂದು ಊರಿನಲ್ಲೂ “ರಾಂಡಿ ರಾಂಡಿ, ಮುಳಬಾಗಿಲು!” ಎಂದು ತೆಲುಗಿನಲ್ಲಿ ಕೂಗಿ ಕರೆದು ಜನರನ್ನು ಹತ್ತಿಸಿಕೊಂಡ. ಕದಿರೇಶ ಕಿಟಕಿಯ ಪಕ್ಕ ಕುಳಿತು, ತೊಡೆಯ ಮೇಲೆ ಬೆರಳುಗಳನ್ನು ಕುಣಿಸುತ್ತಿದ್ದ.

ವಂಶಿಕೃಷ್ಣ ಅವರ ಕಂಪ್ಯೂಟರ್ ಸೆಂಟರ್ ಎಂದರೆ ಒಂದೇ ಉದ್ದನೆಯ ಕೋಣೆ. ಮುಂದೆ ಮದುವೆ ಕಾರ್ಡುಗಳ ಸ್ಯಾಂಪಲ್‌ಗಳು, ಜೆರಾಕ್ಸ್ ಮಿಷನ್ನು. ಹಿಂದೆ ನಾಲ್ಕು ಕಂಪ್ಯೂಟರು. ಕಾಲೇಜು ಬಿಟ್ಟ ಮೇಲೆ ತಾಯಲೂರು ಬಸ್ಸಿಗಾಗಿ ಕಾಯುತ್ತ ನಿಲ್ಲುತ್ತಿದ್ದ ಕದಿರೇಶನನ್ನು ವಂಶಿಯೇ ಒಂದು ದಿನ ಒಳಗೆ ಕರೆದು ಕೂರಿಸಿದ್ದರು. ಅಂದಿನಿಂದ ಅವರಿಬ್ಬರಿಗೂ ಪರಿಚಯ.

“ಬಾಪ್ಪಾ ಕದಿರೇಶ್. ಇವಳೇನಾ ನಿನ್ ತಂಗಿ? ಬಾಮ್ಮ, ಕೂತ್ಕೋ,” ಎಂದು ವಂಶಿ ಕೊನೆಯ ಕಂಪ್ಯೂಟರಿನ ಮುಂದೆ ಎರಡು ಸ್ಟೂಲ್ ಎಳೆದರು.

“ಬೆಂಗಳೂರಲ್ಲಿ ಒಂದಷ್ಟು ಜನ ಸೇರ್ಕೊಂಡು ನಿಮ್ಮ ಪಾಠದ ಪುಸ್ತಕಗಳನ್ನೆಲ್ಲ ಟೈಪ್ ಮಾಡಿದಾರೆ. ಅದನ್ನೂ, ಓದೋ ಸಾಫ್ಟ್‌ವೇರನ್ನೂ ಇದಕ್ಕೆ ಹಾಕಿದೀನಿ. ಇನ್ನು ಆನ್ ಮಾಡೋದು ನಿನ್ ಕೆಲಸ.”

“ನಾನಾ ಸರ್?” ಕದಿರೇಶ ಗಾಬರಿಯಾದ. “ನಂಗೆ ಮೌಸ್ ಹಿಡಿಯೋಕೆ ಆಗಲ್ಲ. ಬಾಣ ಎಲ್ಲಿದೆ ಅಂತ ಹೆಂಗೆ ಗೊತ್ತಾಗ್ಬೇಕು?”

“ಮೌಸ್ ಯಾರಿಗೆ ಬೇಕು?” ಎಂದು ವಂಶಿ ಮೌಸನ್ನು ಎತ್ತಿ ಅತ್ತ ಇಟ್ಟರು. “ಕೀಬೋರ್ಡ್ ಮೇಲೆ ಕೈ ಇಡು. ನಡುವೆ ಎರಡು ಕೀ ಮೇಲೆ ಮಾತ್ರ ಸಣ್ಣ ಗೆರೆ ಉಬ್ಬಿಕೊಂಡಿರುತ್ತೆ. ಹುಡುಕು.”

ಕದಿರೇಶನ ಬೆರಳುಗಳು ಕೀಗಳ ಮೇಲೆ ಇರುವೆಯಂತೆ ಹರಿದಾಡಿದವು. ಬ್ರೈಲ್ ಚುಕ್ಕಿಗಳನ್ನು ಓದಿದ ಬೆರಳುಗಳಿಗೆ ಗೆರೆ ಹುಡುಕುವುದು ಎಷ್ಟರ ಕೆಲಸ!

“ಸಿಕ್ತು! ಎರಡೂ ಸಿಕ್ತು!”

“ಬಲಗಡೆಯದು ಜೆ. ಅದರ ಕೆಳಗೆ, ಸ್ವಲ್ಪ ಎಡಕ್ಕೆ ಎನ್. ಈಗ ಎಡಗೈ. ಕೆಳಗಿನ ಮೂಲೇಲಿರೋದು ಕಂಟ್ರೋಲ್. ಒಂದು ಕೀ ಬಿಟ್ಟು ಅದರ ಬಲಕ್ಕೆ ಆಲ್ಟ್. ಮೂರನ್ನೂ ಒಟ್ಟಿಗೆ ಒತ್ತು. ಕಂಟ್ರೋಲ್, ಆಲ್ಟ್, ಎನ್.”

ಕದಿರೇಶ ಉಸಿರು ಬಿಗಿಹಿಡಿದು ಒತ್ತಿದ. ಮೊದಲು ಏನೂ ಆಗಲಿಲ್ಲ. ಆಮೇಲೆ ಸ್ಪೀಕರಿನಿಂದ ಟುಂಯ್ ಎಂದು ಸದ್ದು ಬಂತು. ಅದರ ಹಿಂದೆಯೇ ಒಂದು ದನಿ ಮಾತಾಡಿತು. ತಗಡಿನ ಡಬ್ಬದೊಳಗೆ ಕೂತು ಯಾರೋ ಮೂಗಿನಲ್ಲಿ ಮಾತಾಡಿದಂತಿತ್ತು.

ಗಂಗಾ ಸ್ಟೂಲಿನಿಂದ ಬೀಳುವಷ್ಟು ನಕ್ಕಳು. ವಂಶಿ ಅವಳ ಹೆಸರನ್ನು ಟೈಪ್ ಮಾಡಿ ಓದಿಸಿದರು. “ಗಂಗಾ. ಲಕ್ಷ್. ಮಿ,” ಎಂದಿತು ಡಬ್ಬದ ದನಿ.

“ಅಯ್ಯೋ, ನನ್ ಹೆಸರನ್ನ ಮುರಿದು ಹಾಕ್ಬಿಡ್ತು!”

ಕದಿರೇಶನೂ ನಕ್ಕ. ಆದರೆ ಅವನ ಕೈ ಕೀಬೋರ್ಡನ್ನು ಬಿಡಲೇ ಇಲ್ಲ.

ವಂಶಿ ಹಿಸ್ಟರಿ ಪುಸ್ತಕವನ್ನು ತೆರೆದು, ಒಂದೊಂದು ಪಾಠಕ್ಕೆ ಹೋಗುವುದು ಹೇಗೆ, ಓದಿಸುವುದು ಹೇಗೆ ಎಂದು ತೋರಿಸಿಕೊಟ್ಟರು. “ಇನ್ಸರ್ಟ್ ಹಿಡ್ಕೊಂಡು ಕೆಳಗಿನ ಬಾಣ ಒತ್ತಿದ್ರೆ ಓದ್ತಾ ಹೋಗುತ್ತೆ. ಸಾಕು ಅನ್ನಿಸ್ತಾ? ಕಂಟ್ರೋಲ್ ಒಂದನ್ನೇ ಒತ್ತು. ಬಾಯಿ ಮುಚ್ಕೊಳ್ಳುತ್ತೆ.”

“ಎಲ್ಲಾನೂ ಓದುತ್ತಾ ಸರ್?” ಎಂದು ಕೇಳಿದ ಕದಿರೇಶ.

“ಎಲ್ಲಾನೂ. ಪೇಜ್ ನಂಬರೂ ಬಿಡಲ್ಲ, ಚಿತ್ರದ ಕೆಳಗಿರೋದನ್ನೂ ಬಿಡಲ್ಲ. ಒಂದಕ್ಷರ ಬಿಡಲ್ಲಪ್ಪ ಇದು!”

ಗಂಗಾಳ ನಗು ನಿಂತುಹೋಯಿತು.

ಅಷ್ಟರಲ್ಲಿ ಮದುವೆ ಕಾರ್ಡು ಮಾಡಿಸಲು ಯಾರೋ ಬಂದರು. ವಂಶಿ ಎದ್ದು ಮುಂದಿನ ಮೇಜಿಗೆ ಹೋದರು.

ಕದಿರೇಶ ಬಾಣದ ಕೀಗಳನ್ನು ಒತ್ತುತ್ತ ಒಂದೊಂದೇ ಪಾಠದ ಹೆಸರು ಕೇಳಿಸಿಕೊಂಡ. ನಾಲ್ಕನೇ ಪಾಠ. ಐದನೇ ಪಾಠ. ಆರನೇ ಪಾಠಕ್ಕೆ ನಿಂತ. ಗಂಗಾ ಎರಡು ಹಾಳೆ ಒಟ್ಟಿಗೆ ತಿರುವಿದ್ದ ಅದೇ ಪಾಠ!

ಡಬ್ಬದ ದನಿ ಓದತೊಡಗಿತು. ರಾಜರ ಹೆಸರು, ಇಸವಿ, ಯುದ್ಧ. ಗಂಗಾ ಓದಿ ಹೇಳಿದ್ದೇ ಎಲ್ಲ. ಕದಿರೇಶ ಗೊತ್ತು ಗೊತ್ತು ಎಂಬಂತೆ ತಲೆಯಾಡಿಸುತ್ತಿದ್ದ.

“ಹೀಗೆ ಆ ಕಾಲದಲ್ಲಿ ರಾಜ್ಯದ ಬೊಕ್ಕಸ ತುಂಬಿ ತುಳುಕುತ್ತಿತ್ತು,” ಎಂದಿತು ದನಿ. “ಕೆರೆಗಳ ನಿರ್ಮಾಣ. ಕೆರೆ ಕಟ್ಟಿಸಿದವರಿಗೆ ಹಾಗೂ ಅದನ್ನು ನೋಡಿಕೊಳ್ಳುವವರಿಗೆ...”

ಗಂಗಾಳ ಕೈ ತಾನಾಗಿ ಮುಂದೆ ಹೋಯಿತು. ಬೆರಳು ಕಂಟ್ರೋಲ್ ಕೀ ಒತ್ತಿತು.

ದನಿ ನಿಂತಿತು.

“ಯಾಕೆ ನಿಂತೋಯ್ತು?” ಎಂದ ಕದಿರೇಶ.

“ಗೊತ್ತಿಲ್ಲ,” ಎಂದಳು ಗಂಗಾ. ಅವಳ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. “ಕೆಟ್ಟೋಯ್ತೇನೋ.”

ಕದಿರೇಶ ಬಿಸಿ ಪಾತ್ರೆ ಮುಟ್ಟಿದವನಂತೆ ಎರಡೂ ಕೈಗಳನ್ನು ಕೀಬೋರ್ಡಿನಿಂದ ತೆಗೆದುಬಿಟ್ಟ. ತೊಡೆಯ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕುಳಿತ. ಬೆಳಿಗ್ಗೆಯಿಂದ ಅವನ ಮುಖದಲ್ಲಿದ್ದ ಬೆಳಕೆಲ್ಲ ಎಲ್ಲಿ ಹೋಯಿತೋ.

“ನಾನೇ ಏನೋ ಒತ್ಬಿಟ್ಟೆ ಅನ್ಸುತ್ತೆ ಕಣೇ,” ಎಂದು ಪಿಸುಗುಟ್ಟಿದ. “ನಂಗೆ ಇದೆಲ್ಲ ಆಗಲ್ಲ. ವಂಶಿ ಸರ್‌ಗೆ ಏನಂತ ಹೇಳೋದು? ಪಾಪ, ಅಷ್ಟು ದೂರದಿಂದ ತಂದಿದ್ರು.”

ಗಂಗಾ ಅವನ ಕೈಗಳನ್ನೇ ನೋಡಿದಳು. ಬ್ರೈಲ್ ಚುಚ್ಚಿ ಚುಚ್ಚಿ ತೋರುಬೆರಳಿನ ಪಕ್ಕ ಗಟ್ಟಿಯಾಗಿ ಒಂದು ಗಂಟು ಕಟ್ಟಿತ್ತು. ದಿನಾ ಎದುರಿಗೇ ಕುಳಿತರೂ ಅವಳು ಅದನ್ನು ನೋಡಿರಲಿಲ್ಲ.

“ನೀನಲ್ಲ ಅಣ್ಣ,” ಎಂದಳು. “ನಾನೇ ನಿಲ್ಸಿದ್ದು.”

“ನೀನಾ? ಯಾಕೆ?”

“ಅದು ಬಿತ್ತುವಟ್ಟದ ಪ್ಯಾರಾ. ಪುಸ್ತಕದಲ್ಲಿ ಇತ್ತು ಅಣ್ಣ. ನಾನು ಓದ್ಲಿಲ್ಲ. ಹೊರಗಡೆ ಲಗೋರಿ ಆಡ್ತಿದ್ರು, ಅದಕ್ಕೇ ಬಿಟ್ಬಿಟ್ಟೆ. ಬೇರೆ ಬೇರೆ ಪಾಠದಲ್ಲೂ ಬಿಟ್ಟಿದೀನಿ. ಇರ್ಲಿಲ್ಲ ಅಂತ ಸುಳ್ಳು ಹೇಳ್ದೆ.”

ಇನ್ನು ಅಣ್ಣ ಬೈಯುತ್ತಾನೆ, ಅಪ್ಪನಿಗೂ ಹೇಳುತ್ತಾನೆ ಎಂದು ಗಂಗಾ ಕಣ್ಣು ಮುಚ್ಚಿಕೊಂಡಳು.

“ಗೊತ್ತು,” ಎಂದ ಕದಿರೇಶ.

ಗಂಗಾ ಕಣ್ಣು ಬಿಟ್ಟಳು. “ಏನು ಗೊತ್ತು?”

“ನೀನು ಬಿಟ್ಟು ಓದ್ತೀಯ ಅಂತ. ಒಂದು ಹಾಳೆ ತಿರುಗಿಸಿದ್ರೆ ಒಂಥರ ಸದ್ದು. ಎರಡು ಹಾಳೆ ಒಟ್ಟಿಗೆ ತಿರುಗಿಸಿದ್ರೆ ಸದ್ದು ದಪ್ಪ ಬರುತ್ತೆ. ನಂಗೆ ಕಣ್ಣು ಕಾಣ್ಸಲ್ಲ, ಕಿವಿ ಕೇಳಿಸುತ್ತಲ್ವೇನೇ?”

“ಮತ್ತೆ ಯಾಕೆ ಬೈಲಿಲ್ಲ?”

ಕದಿರೇಶ ದನಿ ತಗ್ಗಿಸಿದ. ಮುಂದಿನ ಮೇಜಿನಲ್ಲಿ ವಂಶಿ ಮದುಮಗನ ಇನಿಷಿಯಲ್ ಸರಿಪಡಿಸುತ್ತಿದ್ದುದು ಕೇಳಿಸುತ್ತಿತ್ತು.

“ಬೈದ್ರೆ ನೀನು ನಾಳೆಯಿಂದ ಓದಲ್ಲ ಅಂದ್ಬಿಟ್ರೆ?” ಎಂದ ಅವನು. “ಇನ್ಯಾರು ಓದೋರು? ಸಿಕ್ಕಷ್ಟು ಸಿಗ್ಲಿ ಅಂತ ಸುಮ್ನಿದ್ದೆ.”

ಅಣ್ಣ ಅವಳಿಗಿಂತ ಏಳು ವರ್ಷ ದೊಡ್ಡವನು. ಬಾವಿಯಿಂದ ಎರಡೆರಡು ಕೊಡ ನೀರು ಸೇದುತ್ತಾನೆ. ಕೋಲು ಹಿಡಿದು ಒಬ್ಬನೇ ರಸ್ತೆ ದಾಟುತ್ತಾನೆ. ಅಂಥ ಅಣ್ಣ ತನಗೆ ಹೆದರಿಕೊಂಡು ಸುಮ್ಮನಿದ್ದನೇ? ಅವಳ ಕಣ್ಣಿಂದ ಟಪಕ್ಕನೆ ಒಂದು ಹನಿ ಕೀಬೋರ್ಡಿನ ಮೇಲೆ ಬಿತ್ತು. ಅವಳು ಗಡಿಬಿಡಿಯಿಂದ ಲಂಗದ ಅಂಚಿನಲ್ಲಿ ಒರೆಸಿದಳು.

“ಅಳ್ತಿದೀಯಾ?”

“ಇಲ್ಲ.”

“ಮತ್ತೆ ಸುಳ್ಳು!” ಕದಿರೇಶನ ತುಟಿಯ ಅಂಚಿನಲ್ಲಿ ನಗು ಕಾಣಿಸಿತು. “ಈಗ ನಂಗೆ ಓದೋಕೆ ಇದು ಇದೆ. ಈಗ ಧೈರ್ಯವಾಗಿ ಬೈತೀನಿ ತಾಳು. ಕಳ್ಳಿ! ಸೋಮಾರಿ! ಲಗೋರಿಗೋಸ್ಕರ ನನ್ ಹತ್ತು ಮಾರ್ಕ್ಸ್ ನುಂಗಿದೋಳೇ!”

“ಇನ್ನೂ ಬೈಯಿ ಅಣ್ಣ,” ಎಂದಳು ಗಂಗಾ, ಮೂಗು ಎಳೆಯುತ್ತ.

“ಸಾಕು, ಮಿಕ್ಕಿದ್ದು ಬಸ್ಸಲ್ಲಿ,” ಎಂದ ಕದಿರೇಶ. ಆಮೇಲೆ ಅವನ ದನಿ ಮೆತ್ತಗಾಯಿತು. “ನೀನು ಬಿಟ್ಟಿದ್ದು ಒಂದಿಷ್ಟು. ಓದಿದ್ದು ಎಷ್ಟು ಗೊತ್ತಾ? ಫಸ್ಟ್ ಪಿಯುಸಿ ಪೂರ್ತಿ. ಐದನೇ ಕ್ಲಾಸಲ್ಲಿ ‘ಸಾರ್ವಭೌಮತ್ವ’ ಅನ್ನೋದನ್ನ ನಾಲ್ಕು ಸಲ ಎಡವಿ ಎಡವಿ ಓದಿದ್ದೆ. ಜ್ವರ ಬಂದಾಗ್ಲೂ ಕಂಬಳಿ ಹೊದ್ಕೊಂಡು ಓದಿದ್ದೆ. ಫಸ್ಟ್ ಪಿಯುಸಿ ನಾನು ಪಾಸಾಗಿದ್ದು ನಿನ್ ಬಾಯಿಂದ ಕಣೇ. ಅದನ್ನ ಮರೆಯೋಕಾಗುತ್ತಾ?”

ಗಂಗಾಳಿಗೆ ಜ್ವರದ ಆ ದಿನ ಮರೆತೇಹೋಗಿತ್ತು. ಅಣ್ಣ ನೆನಪಿಟ್ಟುಕೊಂಡಿದ್ದ.

“ಈಗ ಎಲ್ಲಿತ್ತು ಹೇಳು, ಆ ಬಾಣ?” ಎಂದು ಅವನು ಕೈ ಮುಂದೆ ಚಾಚಿದ. ಗಂಗಾ ತೋರಿಸಹೋದಳು. ಅಷ್ಟರಲ್ಲಿ ಅವನೇ ಹುಡುಕಿಕೊಂಡು ಒತ್ತಿದ.

ಡಬ್ಬದ ದನಿ ಏನೂ ಆಗದಂತೆ ಮುಂದುವರಿಸಿತು. ಹಿಂದಿನ ಕಾಲದಲ್ಲಿ ಊರಿಗೆ ಕೆರೆ ಕಟ್ಟಿಸಿದವರಿಗೆ, ಅದರ ಹೂಳೆತ್ತಿ, ಏರಿ ಒಡೆಯದಂತೆ ಕಾಪಾಡಿದವರಿಗೆ ಕೆರೆಯ ಕೆಳಗೇ ಒಂದಿಷ್ಟು ಜಮೀನು ಬಿಟ್ಟುಕೊಡುತ್ತಿದ್ದರು. ಅದೇ ಬಿತ್ತುವಟ್ಟ. ಗಂಗಾಳಿಗೂ ಅದು ಹೊಸದು. ಹಾಳೆ ತಿರುವುವಾಗ ಆ ಪದ ಕಣ್ಣಿಗೆ ಬಿದ್ದಿತ್ತೇ ಹೊರತು ಅದೇನೆಂದು ಅವಳಿಗೂ ಗೊತ್ತಿರಲಿಲ್ಲ.

“ಇನ್ನೊಂದ್ ಸಲ,” ಎಂದು ಕದಿರೇಶ ತನಗೆ ತಾನೇ ಹೇಳಿಕೊಂಡು ಮೇಲಿನ ಬಾಣ ಒತ್ತಿ ಹಿಂದಕ್ಕೆ ಹೋದ. ದನಿ ಮತ್ತೆ ಓದಿತು. “ಇನ್ನೊಂದ್ ಸಲ,” ಎಂದ. ಮತ್ತೆ ಓದಿತು. ನಾಲ್ಕು ಸಲ ಅದೇ ಪ್ಯಾರಾ. ದನಿಗೆ ಬೇಸರವಿರಲಿಲ್ಲ, ಅವಸರವಿರಲಿಲ್ಲ. ಕದಿರೇಶ ಕುತ್ತಿಗೆ ಬಾಗಿಸಿ, ಹಸಿದವನು ಊಟ ಮಾಡುವಂತೆ ಕೇಳುತ್ತಿದ್ದ.

ಗಂಗಾ ಸ್ಟೂಲಿನ ಮೇಲೆ ಕದಲದೆ ಕುಳಿತಳು. ಒಂದೂವರೆ ವರ್ಷದಲ್ಲಿ ಅಣ್ಣ ತನ್ನನ್ನು ಒಂದೇ ಒಂದು ಸಲವೂ ‘ಇನ್ನೊಂದ್ ಸಲ ಓದು’ ಎಂದು ಕೇಳಿರಲಿಲ್ಲ. ಅವನಿಗೆ ಒಂದೇ ಸಲಕ್ಕೆ ಎಲ್ಲ ಅರ್ಥವಾಗುತ್ತದೆ ಎಂದು ಅವಳು ತಿಳಿದಿದ್ದಳು.

ವಂಶಿ ವಾಪಸ್ಸು ಬಂದಾಗ ಕದಿರೇಶ ಎದ್ದು ನಿಂತು ಕೈಮುಗಿದ. “ಸರ್, ನೀವು ಮಾಡಿದ ಉಪಕಾರ...”

“ಏಯ್, ಕೂತ್ಕೊಳಪ್ಪ,” ಎಂದು ವಂಶಿ ಮುಜುಗರದಿಂದ ಕನ್ನಡಕ ಸರಿಮಾಡಿಕೊಂಡರು. “ಭಾನುವಾರ ನನ್ ಸೆಂಟರಿಗೆ ಜನ ಬರೋದೇ ಕಡಿಮೆ. ಪರೀಕ್ಷೆವರೆಗೂ ಪ್ರತಿ ಭಾನುವಾರ ಈ ಸ್ಟೂಲು ನಿಂದು.”

ಅದರ ಮುಂದಿನ ಭಾನುವಾರ ಅಮ್ಮ ಒಂದು ಚೀಲ ತುಂಬ ಅವರೆಕಾಯಿ ಕಟ್ಟಿಕೊಟ್ಟಳು. “ಆ ಮಹಾನುಭಾವನಿಗೆ ಕೊಡಿ. ಸೊನೆ ಇರೋ ಕಾಯಿ, ನಮ್ ಹೊಲದ್ದು ಅಂತ ಹೇಳಿ,” ಎಂದಳು. ವಂಶಿ ಚೀಲ ಬಿಚ್ಚಿ, ಮೂಗಿಗೆ ಹಿಡಿದು, ಇವತ್ತು ಅಂಗಡಿ ಬೇಗ ಮುಚ್ಚಿಬಿಡುತ್ತೇನೆ ಎಂದು ನಕ್ಕರು.

ಆದರೆ ಕಂಪ್ಯೂಟರ್ ಇದ್ದದ್ದು ಮುಳಬಾಗಿಲಿನಲ್ಲಿ. ವಾರದ ಉಳಿದ ಆರು ದಿನ ತಾಯಲೂರಿನ ಮನೆಯಲ್ಲಿ ಇದ್ದದ್ದು ಗಂಗಾ ಮಾತ್ರ.

ಮಂಗಳವಾರ ಸಂಜೆ ಅವಳು ಸಮಾಜಶಾಸ್ತ್ರದ ಪುಸ್ತಕ ಹಿಡಿದು ಓದುತ್ತಿದ್ದಳು. ಒಂದು ವಾಕ್ಯ ಎಂಟು ಸಾಲಿತ್ತು. ಅದರ ತಲೆಬುಡ ಅವಳಿಗೇ ತಿಳಿಯಲಿಲ್ಲ. ಹೇಗೋ ಒಂದೇ ಉಸಿರಿಗೆ ಓದಿ ದಾಟಿದಳು.

“ಏಯ್, ತಡಿ ತಡಿ,” ಎಂದ ಕದಿರೇಶ. “ಏನೇ ಅದು, ಗಬಗಬ ಅಂತ ನುಂಗ್ತೀಯ? ಇನ್ನೊಂದ್ ಸಲ ಓದು. ನಿಧಾನಕ್ಕೆ. ಬಿಡಿಸಿ ಬಿಡಿಸಿ.”

ಒಲೆಯ ಮುಂದಿದ್ದ ಅಮ್ಮ ತಿರುಗಿ ನೋಡಿದಳು. “ಯಾಕೋ ನಾಯನಾ, ಮಗು ಮೇಲೆ ಹಂಗೆ ರೇಗ್ತೀಯ? ಪಾಪ, ನಿಂಗೋಸ್ಕರ ತಾನೇ ಓದ್ತಿರೋದು?”

“ರೇಗ್ಲಿ ಬಿಡಮ್ಮ,” ಎಂದಳು ಗಂಗಾ.

ಅವಳು ಚಾಪೆಯ ಮೇಲೆ ಇನ್ನಷ್ಟು ಹತ್ತಿರ ಸರಿದು ಕುಳಿತು, ವಾಕ್ಯದ ಮೊದಲ ಪದದ ಮೇಲೆ ಬೆರಳಿಟ್ಟು, ಮತ್ತೆ ಓದತೊಡಗಿದಳು.